ನಮ್ಮಕ್ಕನ ಜಾಗ್ರತೆ

ನಮ್ಮಕ್ಕ ಇಂದಿಗೂ ಯಾರ ಮನೆಯಲ್ಲೂ ನೆಮ್ಮದಿಯಿಂದ ಊಟ ಮಾಡಿದವಳಲ್ಲ. ಎಲೆಯ ಮುಂದೆ ಕೂರುವ ಮೊದಲು ಸೂರು ನೋಡುತ್ತಾಳೆ. ಒಂದು ಹೆಂಚು ಜಾರಿದ್ದರೂ ಎಲೆಯನ್ನು ಎರಡಡಿ ಆಚೆಗೆ ಎಳೆದುಕೊಳ್ಳುತ್ತಾಳೆ. ಮದುವೆಮನೆಯಾದರೆ ಪಕ್ಕದವರ ಎಲೆಯನ್ನೂ!

ಕೆ. ಹೊಸಕೋಟೆ ಹತ್ತಿರ ನಮ್ಮದು ಮೂರು ಎಕರೆ ಕಾಫಿ, ನಡುವೆ ಮೆಣಸಿನ ಬಳ್ಳಿ. ಮೆಣಸು ಕುಯ್ಯುವ ಕಾಲದಲ್ಲಿ ಅಕ್ಕನ ಠಿಕಾಣಿ ಏಣಿಯ ಬುಡದಲ್ಲಿ. ನಲವತ್ತು ವರ್ಷದಿಂದ ಮರ ಹತ್ತಿಳಿದ ರಂಗಣ್ಣನಿಗೂ ಸೊಂಟಕ್ಕೆ ಹಗ್ಗ ಕಟ್ಟದೆ ಬಿಡುತ್ತಿರಲಿಲ್ಲ.

“ನಾನೇನು ಮೆಣಸು ಕುಯ್ಯಕ್ಕೆ ಹೋಗ್ತಿದೀನಾ, ನೇಣು ಹಾಕ್ಕಳಕ್ಕೆ ಹೋಗ್ತಿದೀನಾ?” ಎಂದು ರಂಗಣ್ಣ ಗೊಣಗುತ್ತಿದ್ದ.

“ಹಗ್ಗ ಇರೋದು ಸೊಂಟಕ್ಕೆ, ಕುತ್ತಿಗೆಗಲ್ಲ. ಹತ್ತಣ್ಣ.”

ಇಂಥವಳನ್ನು ನೋಡಲು ಕುಂದೂರಿನ ಕಡೆಯಿಂದ ಒಂದು ಗಂಡು ಬಂತು. ಒಳ್ಳೆಯ ಗಂಡು. ತಪ್ಪು ಮಾಡಿದ್ದು ಒಂದೇ, ಹೆಲ್ಮೆಟ್ಟನ್ನು ಬೈಕಿನ ಕನ್ನಡಿಗೆ ನೇತುಹಾಕಿಕೊಂಡು ಬಂದದ್ದು. ಅಕ್ಕ ಕಾಫಿ ಕೊಟ್ಟು, ಅಂಗಳದತ್ತ ನೋಡಿ ಕೇಳಿದಳು: “ನಿಮ್ಮ ಗಾಡಿ ಕನ್ನಡಿಗೆ ತಲೆ ಐತೇನ್ರೀ?” ಪ್ರಶ್ನೆ ಅವನಿಗೆ ಅರ್ಥವಾಗುವಷ್ಟರಲ್ಲಿ ಕಾಫಿ ಆರಿತ್ತು. ಸಂಬಂಧವೂ.

ಆಮೇಲೆ ಅವಳು ಸೇಫ್ಟಿ ಕೋರ್ಸು ಓದಿದಳು, ಒಂದು ಕಾರ್ಖಾನೆಯಲ್ಲಿ ದುಡಿದಳು. ಮೂವತ್ತೆಂಟನೆಯ ವಯಸ್ಸಿನಲ್ಲಿ ಗಲ್ಫಿನ ಕಟ್ಟಡ ಕೆಲಸಕ್ಕೆ ಸೇಫ್ಟಿ ಆಫೀಸರಾಗಿ ಹೊರಟು ನಿಂತಳು.

“ಅಷ್ಟು ದೂರ ಯಾಕವ್ವ?” ಎಂದಳು ಅಮ್ಮ.

“ಅಲ್ಲಿ ಬಾಳ ಎತ್ತರ ಕಟ್ತಾರಂತೆ ಕಣಮ್ಮ. ಬಿದ್ರೆ ಉಳಿಯಲ್ಲ.”

ಇದು ಸಮಾಧಾನದ ಮಾತೋ ಹೆದರಿಸುವ ಮಾತೋ ಗೊತ್ತಾಗದೆ ಅಮ್ಮ ಅತ್ತಳು.

ಅಲ್ಲಿ ಬಿಸಿಲಲ್ಲಿ ದುಡಿಯುವವರಿಗೆಲ್ಲ ಹಿಡಿಹಿಡಿದು ನೀರು ಕುಡಿಸಿ ಅಕ್ಕ ‘ಪಾನಿ ಮೇಡಂ’ ಎಂಬ ಬಿರುದು ಸಂಪಾದಿಸಿದಳು. ಫೋನಿನಲ್ಲಿ ಅದನ್ನು ಹೇಳಿ ನಕ್ಕಳು. ನಗು ಮುಗಿದ ಮೇಲೆ ಅಂದಳು:

“ದಿನಾ ನಾನಾಡೋದು ನಾಕೇ ಮಾತು ಕಣೋ. ನೀರು ಕುಡಿ, ಬೆಲ್ಟ್ ಹಾಕು, ಪಕ್ಕಕ್ಕೆ ಹೋಗು, ಕೆಳಗಿಳಿ. ನನ್ನ ಕಂಡ್ರೆ ಬೀಡಿನೂ ಬಚ್ಚಿಡ್ತಾರೆ, ಮಾತೂ ಬಚ್ಚಿಡ್ತಾರೆ.”

“ಊಟಕ್ಕೆ ಯಾರ ಜೊತೆ ಕೂತ್ಕತೀಯ?”

“ಊಟ ಚೆನ್ನಾಗೈತೆ” ಎಂದಳು. ನಾನು ಕೇಳಿದ್ದು ಅದನ್ನಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ, ನಾನು ಶಾಲೆಯಲ್ಲಿದ್ದಾಗ, ಅವಳಿಂದ ಫೋನಿಗೆ ಒಂದು ಫಾರಂ ಬಂತು. ನಾನು ಇಂಗ್ಲಿಷ್ ಮೇಷ್ಟ್ರು. “ತಪ್ಪಿದ್ರೆ ತಿದ್ದು” ಎಂದಷ್ಟೇ ಬರೆದಿದ್ದಳು. ಅಪಘಾತದ ವರದಿ. ಸ್ಥಳ: ಕಂಪನಿ ಕ್ವಾರ್ಟರ್ಸಿನ ಬಚ್ಚಲು. ಕಾರಣ: ಒದ್ದೆ ನೆಲ. ಪೆಟ್ಟು: ಬಲ ಮುಂಗೈ ಮೂಳೆ ಮುರಿತ. ಆಸ್ಪತ್ರೆಗೆ ಹೋದದ್ದು: ಟ್ಯಾಕ್ಸಿಯಲ್ಲಿ, ಒಬ್ಬಳೇ. ಬಿದ್ದವರ ಹೆಸರು ನೋಡಿದೆ. ಅಕ್ಕನ ಹೆಸರು. ನಾಲ್ಕು ದಿನದ ಹಿಂದಿನ ತಾರೀಖು. ಈ ನಡುವೆ ಎರಡು ಸಲ ಫೋನ್ ಮಾಡಿ ಮನೆಯ ಗ್ಯಾಸ್ ಪೈಪು ಬದಲಾಯಿಸಿದಿರಾ ಎಂದು ಕೇಳಿದ್ದಳು.

ಇಂಗ್ಲಿಷಿನಲ್ಲಿ ಒಂದೂ ತಪ್ಪಿರಲಿಲ್ಲ. ‘ಮೊದಲು ತಿಳಿಸಿದ್ದು ಯಾರಿಗೆ?’ ಎಂಬಲ್ಲಿ ಮಾತ್ರ ಖಾಲಿ ಬಿಟ್ಟಿದ್ದಳು. ಅಲ್ಲಿ ನನ್ನ ಹೆಸರು ಬರೆದು ವಾಪಸ್ ಕಳಿಸಿದೆ.

ಕೂಡಲೇ ಫೋನ್ ಬಂತು.

“ಏನೋ ಇದು? ರಿಪೋರ್ಟಲ್ಲಿ ಸುಳ್ಳು ಬರಿಯಂಗಿಲ್ಲ ಕಣೋ.”

“ಈಗ ತಿಳಿಸು ಮತ್ತೆ.”

ಮಕ್ಕಳ ಗಲಾಟೆಗೆ ಕೇಳಿಸದೆ ಹೋದೀತೆಂದು ಫೋನನ್ನು ಕಿವಿಗೆ ಒತ್ತಿಕೊಂಡು ಅಂಗಳಕ್ಕೆ ಬಂದೆ.

“ಬಾಳ ನೋಯ್ತೈತೆ ಕಣೋ” ಎಂದಳು ನಮ್ಮಕ್ಕ.