ಸೈಫುದ್ದೀನ ಮಾಸ್ತರರ ಬಾಯಿಪಾಠ

ಸೈಫುದ್ದೀನ ಮಾಸ್ತರರ ಮಾನಕ್ಕೆ ಸಂಚಕಾರ ಬಂದದ್ದು ಒಂದು ಸ್ಟೀಲಿನ ಬಟ್ಟಲಿನಿಂದ. ಪಕ್ಕದ ಮನೆಯ ಶಂಕ್ರೆವ್ವ ಆ ಬಟ್ಟಲಿನಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕೊಟ್ಟು ನಾಲ್ಕು ದಿನವಾಗಿತ್ತು. ನೆರೆಯವರ ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವುದು ಗೋಳಗುಮ್ಮಟದ ಹಿಂದಿನ ಆ ಓಣಿಯಲ್ಲಿ ಮರ್ಯಾದೆಯಲ್ಲ. ಸೋಮವಾರ ಬೆಳಿಗ್ಗೆ ಮಾಸ್ತರರ ಹೆಂಡತಿ ಅಬೇದಾ ಅಡುಗೆಮನೆಯನ್ನೆಲ್ಲ ತಡಕಾಡಿದಳು. ಸಕ್ಕರೆ ಡಬ್ಬಿ ಕೂಡ ತಳ ಕಂಡಿತ್ತು. ಕಡೆಗೆ ಕಪಾಟಿನ ಮೇಲೆ ಸಿಕ್ಕಿದ, ಮಾಸ್ತರರ ಕಛೇರಿಯ ಎಂಟು ಪಾಸುಗಳನ್ನು ಬಟ್ಟಲಿಗೆ ಹಾಕಿ ಕೊಟ್ಟು ಬಂದಳು.

ಮಾಸ್ತರರು ಅರ್ಧ ಗಡ್ಡ ಹೆರೆದುಕೊಂಡಿದ್ದರು. ಸುದ್ದಿ ಕೇಳಿ ಬ್ಲೇಡು ಕೈಯಲ್ಲೇ ನಿಂತಿತು.

"ಇವತ್ತ ಸಂಜೀ ಪಾಸು? ಎಂಟೂ ಕೊಟ್ಟಿಯೇನ?"

"ಬರೀ ಬಟ್ಟಲ ಹೆಂಗ ಕೊಡ್ಲಿ? ಶಂಕ್ರೆವ್ವನ ಭಜನಿ ಹೆಂಗಸರು ಎಂಟ ಮಂದಿ, ಪಾಸೂ ಎಂಟಽ ಇದ್ದುವು. ಎಣಿಸಿ ಇಟ್ಟಂಗಿತ್ತು ನೋಡ್ರಿ."

ಮಾಸ್ತರರಿಗೆ ನಿಂತ ನೆಲವೇ ಕುಸಿದಂತಾಯಿತು. ಯಾಕೆ ಎನ್ನುವುದನ್ನು ಹೇಳಬೇಕು.

ತಿಕೋಟಾದಲ್ಲಿ ಹುಟ್ಟಿದ ಸೈಫುದ್ದೀನ ಹದಿನೇಳರ ವಯಸ್ಸಿನಲ್ಲಿ ಮುಂಬಯಿಗೆ ಓಡಿಹೋಗಿ, ದೊಡ್ಡ ಹೋಟೆಲೊಂದರಲ್ಲಿ ಪಿಯಾನೊ ಒರೆಸುವ ಕೆಲಸ ಹಿಡಿದು, ಒರೆಸುತ್ತ ಒರೆಸುತ್ತ ಅದನ್ನು ನುಡಿಸಲು ಕಲಿತವರು. ನಲವತ್ತು ವರ್ಷ ಅಲ್ಲಿ ಜಾಝ್ ನುಡಿಸಿದರು. ಜಾಝ್ ಅಂದರೆ ಒಂದು ಎಳೆ ಹಿಡಿದು, ಆ ಕ್ಷಣಕ್ಕೆ ಮನಸ್ಸಿಗೆ ಬಂದದ್ದನ್ನು ಬೆರಳಿಗೆ ಇಳಿಸುತ್ತ ಹೋಗುವುದು. ನಿನ್ನೆ ನುಡಿಸಿದ್ದು ಇವತ್ತಿಗಿಲ್ಲ. ಎಪ್ಪತ್ತೊಂದಕ್ಕೆ ವಿಜಯಪುರಕ್ಕೆ ಮರಳಿದ ಅವರನ್ನು ಸ್ಟೇಷನ್ ರಸ್ತೆಯ ಹತ್ತಿರದ ಸಣ್ಣ ಕ್ಲಬ್ಬಿನವರು ಐದು ಸಂಜೆಗಳ ಕಛೇರಿಗೆ ಕರೆದಿದ್ದರು. ಕೇರಂ ಬೋರ್ಡುಗಳನ್ನು ಗೋಡೆಗೆ ಒರಗಿಸಿ ನೂರು ಕುರ್ಚಿ ಹಾಕಿಸಿದ್ದರು. ಕಾರ್ಯದರ್ಶಿ ಪರಮೇಶ್ವರ ಊರ ತುಂಬ ಬ್ಯಾನರು ಕಟ್ಟಿಸಿದ್ದ: "ಕಲಿತು ಬಂದದ್ದಲ್ಲ! ಬರೆದುಕೊಂಡದ್ದಲ್ಲ! ನಿಮ್ಮ ಎದುರಿಗೇ ಹುಟ್ಟುವ ಸಂಗೀತ!"

ಬ್ಯಾನರು ಕಂಡಾಗಲೆಲ್ಲ ಮಾಸ್ತರರು ಆ ಕಡೆ ಮುಖ ಹಾಕದೆ ದಾಟುತ್ತಿದ್ದರು. ಹತ್ತು ವರ್ಷದ ಹಿಂದೆ, ಮುಂಬಯಿಯ ಹೋಟೆಲು ಕೆಲಸದ ಕೊನೆಯ ದಿನಗಳಲ್ಲಿ, ಒಂದು ಸಂಜೆ ನಟ್ಟನಡುವೆ ಅವರಿಗೆ ಏನೂ ಹೊಳೆಯದೆ ಕೈ ನಿಂತುಬಿಟ್ಟಿತ್ತು. ಹೋಟೆಲಿನವರು ಬಂದು ಮೆಲ್ಲಗೆ ರೆಕಾರ್ಡು ಹಚ್ಚಿದ್ದರು. ಆ ನಾಚಿಕೆ ಇವತ್ತಿಗೂ ಹೋಗಿರಲಿಲ್ಲ. ಹಾಗಾಗಿ ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಮನೆಯ ಕರೆಂಟಿನ ಪಿಯಾನೊದಲ್ಲಿ ಅರ್ಧ ಗಂಟೆಯ "ಆ ಕ್ಷಣದ ಸಂಗೀತ"ವನ್ನು ಸಾಲಿ ಹುಡುಗರು ಮಗ್ಗಿ ಕಲಿಯುವಂತೆ ಬಾಯಿಪಾಠ ಮಾಡಿದ್ದರು. ಎಲ್ಲಿ ಕಣ್ಣು ಮುಚ್ಚಬೇಕು, ಎಲ್ಲಿ ಬೆವರು ಒರೆಸಬೇಕು, ಎಲ್ಲಿ ಏನೋ ಹುಡುಕುವವರಂತೆ ಸೂರು ನೋಡಬೇಕು, ಎಲ್ಲವೂ ಗೊತ್ತಾಗಿತ್ತು. ಇವತ್ತು ಮೊದಲಿನಿಂದ, ನಾಳೆ ನಡುವಿನಿಂದ, ನಾಡದ್ದು ತುದಿಯಿಂದ ಶುರುಮಾಡಿದರೆ ಐದು ದಿನ ಸಾಗಿಹೋಗುತ್ತದೆ ಎನ್ನುವುದು ಅವರ ಲೆಕ್ಕ. ಆ ಅರ್ಧ ಗಂಟೆಯನ್ನು ಅಬೇದಾ ಬಿಟ್ಟರೆ ಇಡೀ ಊರಿನಲ್ಲಿ ಮುಂಚೆಯೇ ಕೇಳಿದ್ದವರೆಂದರೆ ಗೋಡೆಯ ಆಚೆ ಬೆಳಿಗ್ಗೆ ಭಜನೆಗೆ ಸೇರುವ ಆ ಎಂಟು ಹೆಂಗಸರು ಮಾತ್ರ.

ಅರ್ಧ ಮುಖಕ್ಕೆ ಸಾಬೂನು ಹಚ್ಚಿಕೊಂಡೇ ಮಾಸ್ತರರು ಶಂಕ್ರೆವ್ವನ ಬಾಗಿಲಿಗೆ ಓಡಿದರು.

"ಶಂಕ್ರೆವ್ವಾ, ಅಲ್ಲೇನ ಇರೂದಿಲ್ಲವಾ. ಹಾಡಿಲ್ಲ, ಕುಣತಿಲ್ಲ. ನಿಮಗ ಬ್ಯಾಸರಾಗತೈತಿ."

"ನಮ್ಮ ಓಣಿ ಮಾಸ್ತರು ಬಾರಿಸೂವಾಗ ನಮಗ್ಯಾಕ ಬ್ಯಾಸರಾಗತೈತ್ರಿ?" ಎಂದಳು ಶಂಕ್ರೆವ್ವ. "ನಿಮ್ಮದು ಕೇಳಿ ಕೇಳಿ ನಮಗ ಪೂರಾ ಬಾಯಾಗ ಬಂದೈತಿ." ಅಂದವಳೇ ರೊಟ್ಟಿ ಬಡಿಯುತ್ತ ಮೊದಲಿನಿಂದ ಗುನುಗತೊಡಗಿದಳು. ಒಂದು ಸ್ವರವೂ ತಪ್ಪಲಿಲ್ಲ. ಸೂರು ನೋಡಲು ಬಿಟ್ಟಿದ್ದ ಜಾಗದಲ್ಲಿ ಸರಿಯಾಗಿ ಅಷ್ಟೇ ಹೊತ್ತು ಸುಮ್ಮನಾಗಿ ಮುಂದುವರಿಸಿದಳು.

ಮಾಸ್ತರರು ಸಾಬೂನಿನ ಕೈಯನ್ನೇ ಜೋಡಿಸಿದರು. "ಬಂದ್ರ ಬರ್ರಿ, ಆದ್ರ ಕೈ ಮುಗೀತೇನಿ, ಯಾರೂ ಹಾಡಬ್ಯಾಡ್ರಿ."

"ಎಷ್ಟ ನಾಚಿಕಿ ಸ್ವಭಾವ ನೋಡ್ರಿ ನಿಮ್ಮದು! ನೀವೇನ ಕಾಳಜಿ ಮಾಡಬ್ಯಾಡ್ರಿ. ನಾವ ಎಂಟ ಮಂದಿ ಅದೇವಿ, ನಿಮ್ಮನ್ನ ಒಬ್ಬರನ್ನಽ ಬಿಡೂದಿಲ್ಲ."

ಜ್ವರ ಬಂದಿದೆ ಎಂದು ಹೇಳೋಣವೆಂದು ಮಧ್ಯಾಹ್ನ ಪರಮೇಶ್ವರನಿಗೆ ಫೋನು ಮಾಡಿದರು. ಅವನು ಮಾತಾಡಲು ಬಿಟ್ಟರೆ ತಾನೆ! "ಮಾಸ್ತರ, ಖುಷಿ ಸುದ್ದಿ! ಕಾಲೇಜಿನ ಸಂಗೀತ ಪ್ರಾಧ್ಯಾಪಕಿ ವಿಶಾಖಾ ಮೇಡಂ ಮುಖ್ಯ ಅತಿಥಿ ಆಗಿ ಬರಾಕತ್ತಾರ. ಅವರು ಹೂಂ ಅಂದ್ರಂದ್ರ ಇದನ್ನ ವರ್ಷಾಪೂರ್ತಿ ತಿಂಗಳಾ ತಿಂಗಳಾ ಇಡೋಣಂತ ಕಮೀಟಿ ಠರಾವ ಮಾಡೇತಿ." ಮಾಸ್ತರರು ಜ್ವರದ ಮಾತನ್ನು ನುಂಗಿಕೊಂಡರು.

ಸಂಜೆ ಆರಕ್ಕೆ ಕ್ಲಬ್ಬು ತುಂಬಿತ್ತು. ಮುಂದಿನ ಸಾಲಿನಲ್ಲಿ ಇಳಕಲ್ ಸೀರೆಯುಟ್ಟ ಎಂಟು ಹೆಂಗಸರು, ಪಕ್ಕದಲ್ಲಿ ಅಬೇದಾ. ಶಂಕ್ರೆವ್ವ ತಾಳವನ್ನೂ ತಂದಿದ್ದಳು. ಪರಮೇಶ್ವರನ ಭಾಷಣ ಇಪ್ಪತ್ತು ನಿಮಿಷ ನಡೆಯಿತು. "ಈಗ ಇವರು ಏನ ನುಡಸ್ತಾರಂತ ಸ್ವತಃ ಇವರಿಗೇ ಗೊತ್ತಿಲ್ಲ!" ಎಂದು ಅವನು ಮುಗಿಸಿದಾಗ ಚಪ್ಪಾಳೆ ಬಿತ್ತು. ಶಂಕ್ರೆವ್ವ ಮಾತ್ರ ಪಕ್ಕದ ಸಕ್ರವ್ವನ ಕಿವಿಯಲ್ಲಿ, "ನಮಗ ಗೊತ್ತೈತಿ ಬಿಡ" ಎಂದದ್ದು ವೇದಿಕೆಯವರೆಗೂ ಕೇಳಿಸಿತು.

ಮೊದಲ ಐದು ನಿಮಿಷ ಸುಸೂತ್ರವಾಗಿ ಸಾಗಿತು. ಆಮೇಲೆ ಭಜನೆಯವರಿಗೆ ತಡೆಯಲಾಗಲಿಲ್ಲ. ಭಜನೆಯಲ್ಲಿ ಒಬ್ಬರು ಹೇಳುತ್ತಿದ್ದರೆ ಉಳಿದವರು ಬಾಯಿ ಮುಚ್ಚಿಕೊಂಡು ಕೂಡುವುದು ಅಪಮಾನ ಮಾಡಿದ ಹಾಗೆ. ಒಬ್ಬಳು ಗುನುಗಿದಳು, ಇನ್ನೊಬ್ಬಳು ದನಿಗೂಡಿಸಿದಳು, ತಾಳ ಟಣ್ಣೆಂದಿತು. ಅಷ್ಟರಲ್ಲಿ ಮಾಸ್ತರರು ಸೂರು ನೋಡುವ ಜಾಗ ಬಂತು. ಅವರು ಕೈ ನಿಲ್ಲಿಸಿ ಸೂರು ನೋಡಿದರು. ಪಾಪ, ಮುಂದಿನದು ಮರೆತಿದ್ದಾರೆಂದು ತಿಳಿದು ಎಂಟೂ ಮಂದಿ ಒಕ್ಕೊರಲಿನಿಂದ ಮುಂದಿನ ಸಾಲನ್ನು ಹಾಡಿ ತೋರಿಸಿದರು. ಮಾಸ್ತರರು ಬೇರೆ ದಾರಿಯಿಲ್ಲದೆ ಅದನ್ನೇ ನುಡಿಸಿದರು. ಬೆವರು ಒರೆಸುವ ಜಾಗದಲ್ಲೂ ಹಾಗೇ ಆಯಿತು. ಅಲ್ಲಿ ಒರೆಸಿದ್ದು ಮಾತ್ರ ನಿಜವಾದ ಬೆವರು.

ನಾಚಿಕೆಯಿಂದ ಅವರ ಕಿವಿ ಸುಡುತ್ತಿದ್ದವು. ನಲವತ್ತು ವರ್ಷದ ಹೆಸರು ತಮ್ಮ ಕಣ್ಣೆದುರೇ ಬೀದಿಪಾಲಾಗುತ್ತಿದೆ ಅನ್ನಿಸಿತು. ತಲೆಯೆತ್ತಿ ಸಭೆಯನ್ನು ನೋಡಲು ಧೈರ್ಯವಾಗಲಿಲ್ಲ. ಬಾಯಿಪಾಠ ಮುಗಿದದ್ದೇ, ಈ ಹೆಂಗಸರಿಗೆ ಗೊತ್ತಿಲ್ಲದ ಕಡೆಗೆ ಹೇಗಾದರೂ ಓಡಿಹೋಗಬೇಕೆಂದು ಎಡಗೈಯನ್ನು ಎಲ್ಲಿಗೋ ಚಾಚಿದರು. ಏನೋ ಒಂದು ಸ್ವರ ಸಿಕ್ಕಿತು. ಬಲಗೈ ಅದರ ಬೆನ್ನು ಹತ್ತಿತು. ಇನ್ನೊಂದು ಸಿಕ್ಕಿತು. ಎರಡು ಕಡೆ ಎಡವಿದರು, ಎಡವಿದ್ದನ್ನೇ ಹಿಡಿದು ಮುಂದೆ ಹೋದರು. ಅವರಿಗೆ ಒಮ್ಮೆಲೆ ಗೊತ್ತಾಯಿತು, ಬಂದಿದೆ, ಹತ್ತು ವರ್ಷದ ಮೇಲೆ ತಿರುಗಿ ಬಂದಿದೆ! ಕಾಲು ಗಂಟೆ ಅವರು ಲೋಕವನ್ನೇ ಮರೆತು ನುಡಿಸಿದರು. ಹೆಂಗಸರು ತಾಳ ಕೆಳಗಿಟ್ಟು ಮುಖ ಮುಖ ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಮುಗಿಸಿ ಎದ್ದು ನಿಂತಾಗ ಮಾಸ್ತರರ ಕಣ್ಣು ತುಂಬಿತ್ತು. ಚಪ್ಪಾಳೆ ಮಾತ್ರ ಅಲ್ಲೊಂದು ಇಲ್ಲೊಂದು ಬಿತ್ತು.

ವಿಶಾಖಾ ಮೇಡಂ ಮೈಕಿನ ಮುಂದೆ ಬಂದರು.

"ಮೊದಲನೇ ಅರ್ಧ ತಾಸು ಕೇಳಿ ನಾ ದಂಗಾದೆ" ಎಂದರು ಮೇಡಂ. "ಈ ತಾಯಂದ್ರು ಮನಸ್ಸಿಗೆ ಬಂದದ್ದು ಹಾಡಾಕತ್ರು, ಮಾಸ್ತರು ಅದನ್ನ ಆ ಕ್ಷಣಕ್ಕ ಹಿಡದು ನುಡಿಸಿಬಿಟ್ರು! ಮುಂದೇನಂತ ತಿಳೀದ ಸೂರು ನೋಡಿದ್ರು, ತಾಯಂದ್ರು ಕೊಟ್ರು, ಇವರು ತಗೊಂಡ್ರು. ಇದಕ್ಕಿಂತ ಖರೇ ಜಾಝ್ ಯಾವದೈತ್ರಿ?"

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

"ಆದ್ರ ಹಿರಿಯರು ತಪ್ಪ ತಿಳೀಬಾರದು. ಎರಡನೇದು ಮಾತ್ರ ಮನ್ಯಾಗ ಬಾಯಿಪಾಠ ಮಾಡ್ಕೊಂಡು ಬಂದದ್ದು. ನಡುವ ಎರಡ ಕಡೆ ಮರ್ತಿರಿ, ಅಲ್ಲಽ ಗೊತ್ತಾಗಿಬಿಡ್ತು. ಈ ವಯಸ್ಸಿನಾಗ ನಿಮಗ್ಯಾಕ್ರಿ ಅಂಥಾ ಮೋಸ?"

ಮಾಸ್ತರರು ಮೈಕಿಗೆ ಧಾವಿಸಿದರು. ಎರಡನೆಯದು ಅಲ್ಲೇ ಹುಟ್ಟಿದ್ದೆಂದು ಕೂಗಿ ಹೇಳಬೇಕು. ಹೇಳಿದರೆ ಯಾರೂ ನಂಬರು. ನಂಬಿಸಬೇಕಾದರೆ ಮೊದಲನೆಯದರ ಕತೆಯನ್ನು ಬಿಚ್ಚಬೇಕು. ಮುಂದಿನ ಸಾಲಿನಲ್ಲಿ ಎಂಟು ಮುಖಗಳು ಹೆಮ್ಮೆಯಿಂದ ಅವರನ್ನೇ ನೋಡುತ್ತಿದ್ದವು. ಮಾಸ್ತರರು ಮೈಕು ಹಿಡಿದು ಎರಡು ಸಲ ಕೆಮ್ಮಿದರು.

"ತಪ್ಪಾತ್ರಿ" ಎಂದರು. "ಮತ್ತೊಮ್ಮೆ ಹಂಗ ಮಾಡೂದಿಲ್ಲ."

ಎಂಥ ದೊಡ್ಡ ಮನಸ್ಸು ಎಂದು ಸಭೆ ಮತ್ತೊಮ್ಮೆ ಚಪ್ಪಾಳೆ ತಟ್ಟಿತು. ಪರಮೇಶ್ವರ ಶಾಲು ಹೊದಿಸಿ, ವರ್ಷವಿಡೀ ಪ್ರತಿ ತಿಂಗಳೂ ಮಾಸ್ತರರ ಕಛೇರಿ, ಓಣಿಯ ತಾಯಂದಿರು ಜೊತೆಗೆ ಕಡ್ಡಾಯ ಎಂದು ಸಾರಿದ. ಶಾಲಿನ ಒಳಗೆ ಮಾಸ್ತರರು ನಾಚಿಕೆಯಿಂದ ಮುದುಡಿ ನಿಂತಿದ್ದರು.

ಮನೆಗೆ ಹೋಗುವಾಗ ಆಟೊದಲ್ಲಿ ಅಬೇದಾ ಕೇಳಿದಳು: "ಎರಡನೇದು ಯಾವಾಗ ಕಲತ್ರಿ? ನಾ ಕೇಳೇ ಇರಲಿಲ್ಲಲ್ಲ."

"ಕಲತಿರಲಿಲ್ಲ. ಅಲ್ಲೇ ಬಂತು."

"ಹೌದೇನ್ರಿ? ನನಗ ಅದಽ ಭಾಳ ಚಲೋ ಅನಸ್ತು. ನಾಳೆ ಅದನ್ನಽ ಇನ್ನೊಮ್ಮೆ ನುಡಸ್ರಿ, ಮಂದಿಗೂ ತಿಳೀಲಿ."

ಮಾಸ್ತರರು ತೊಡೆಯ ಮೇಲೆ ಬೆರಳಾಡಿಸಿ ನೋಡಿದರು. ಮೊದಲ ಎರಡು ಸ್ವರ ಬಂದವು. ಮೂರನೆಯದು ಬರಲಿಲ್ಲ. "ಹೋತು ಅದು" ಎಂದು ಕೈ ಮಡಿಸಿಟ್ಟುಕೊಂಡರು.

ಮನೆಯ ಪಿಯಾನೊವನ್ನು ಕ್ಲಬ್ಬಿನಿಂದ ವಾಪಸು ಹೊತ್ತು ತಂದ ಟೆಂಪೊದಲ್ಲೇ ಹತ್ತಿ ಬಂದಿದ್ದ ಎಂಟು ಹೆಂಗಸರು ಆಗಲೇ ಅವರ ಮನೆಯ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು.

"ಬಾಗಲಾ ತಗೀರಿ ಮಾಸ್ತರ" ಎಂದಳು ಶಂಕ್ರೆವ್ವ. "ನಾಳೆ ಆ ಕ್ಷಣಕ್ಕ ಏನ ಹುಟ್ಟೂದೈತಿ, ಅದನ್ನ ಈಗಽ ನಮಗ ಕಲಿಸಿಬಿಡ್ರಿ."

ಮಾಸ್ತರರು ತಲೆ ತಗ್ಗಿಸಿಕೊಂಡೇ ಒಳಗೆ ಹೋಗಿ ಜಮಖಾನೆ ಹಾಸಿದರು.