ಹೆಂಡತಿಯ ಮೂರನೆಯ ಕೂಗು

ಕಾಡು ಕಾಯುವ ಗಾರ್ಡಿಗೆ ಹುಲಿ ಎದುರಾಗುವುದು ಅಪರೂಪ, ಫಜೀತಿ ಎದುರಾಗುವುದು ದಿನಾ. ಹೊಸ ಹೆಂಡತಿಯನ್ನೂ ಕರೆದುಕೊಂಡು ಕಾಡಿಗೆ ಹೋದರಂತೂ ಕೇಳುವುದೇ ಬೇಡ.

೧. ಕಲ್ಲು

ಯುದ್ಧಕ್ಕೆ ಮರ ಬೇಕೆಂದು ಮೇಲಿನವರ ಅವಸರ. ನರಸಿಂಹರಾಜಪುರದ ಕಡೆಯ ಕಾಡಿನಲ್ಲಿ ಕಡಿಯುವ ಮರಗಳಿಗೆ ಗುರುತು ಹಾಕಲು ನನಗೆ ಒಂದು ವಾರದ ಕ್ಯಾಂಪು ಬಿತ್ತು. ಅದೇ ಹೊತ್ತಿಗೆ ಅಮ್ಮ ಅಕ್ಕನ ಬಾಣಂತನಕ್ಕೆ ಮೇಗುಂದಕ್ಕೆ ಹೊರಟಳು. ಹೊಸ ಸೊಸೆಯೊಬ್ಬಳನ್ನೇ ಕೊಪ್ಪದ ಮನೆಯಲ್ಲಿ ಬಿಡುವುದು ಹೇಗೆ, ನಿನ್ನ ಜೊತೆಗೇ ಕರೆದುಕೊಂಡು ಹೋಗು ಎಂದಳು. ನಾನು ಒಳಗೊಳಗೇ ಹಿಗ್ಗಿದೆ. ಅತ್ತೆಗೆ ಕೇಳಿಸೀತೆಂದು ನನ್ನವಳು ಮದುವೆಯಾದಂದಿನಿಂದ ನನ್ನ ಹತ್ತಿರ ಪಿಸುಗುಟ್ಟಿದ್ದಷ್ಟೇ. ಕಾಡಿನಲ್ಲಾದರೂ ಬಾಯಿ ತುಂಬ ಮಾತಾಡಲಿ ಎಂಬುದೊಂದೇ ನನ್ನ ಆಸೆ.

ಚಟ್ನಿ ಇಲ್ಲದೆ ಮಗ ಸೊರಗಿಯಾನು ಎಂದು ಅಮ್ಮ ಗಂಟಿನಲ್ಲಿ ಅರೆಯುವ ಕಲ್ಲನ್ನೂ ಇಟ್ಟಿದ್ದಳು. ಗಾಡಿದಾರಿ ಮುಗಿದ ಮೇಲೆ ಅದನ್ನು ನಾನೇ ಹೊತ್ತೆ. ಹಳ್ಳದ ಪಕ್ಕ ಬಿಡಾರ ಹೂಡಿ ಸುತ್ತ ನೋಡಿದರೆ, ಅಲ್ಲಿ ಕಲ್ಲು ಬಿಟ್ಟು ಬೇರೇನೂ ಇರಲಿಲ್ಲ.

೨. ಹುಲಿ

ಅವಳ ಬಾಯಿ ಬಿಡಿಸಲು ಮೊದಲ ಸಂಜೆಯೇ ಹುಲಿಯ ಕಥೆ ತೆಗೆದೆ. ಅದು ಗುರುಗುಟ್ಟಿದ್ದು, ನಾನು ಕೊಡಲಿ ಎತ್ತಿದ್ದು, ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಅವಳು ಒಲೆ ಊದುತ್ತಾ ಕೇಳಿದಳು. ಹುಲಿ ಇನ್ನೇನು ಹಾರಬೇಕು, ಅಷ್ಟರಲ್ಲಿ ಮೆಲ್ಲಗೆ, "ಉಪ್ಪು ಎಲ್ಲಿಟ್ರಿ?" ಎಂದಳು.

ಉಪ್ಪು ಕೊಪ್ಪದಲ್ಲೇ ಉಳಿದಿತ್ತು. ಹುಲಿಯನ್ನು ಅಲ್ಲೇ ಬಿಟ್ಟು ಇಬ್ಬರೂ ಸಪ್ಪೆ ಗಂಜಿ ಕುಡಿದೆವು.

೩. ಕೂಗು

ಮರುದಿನ ಸಂಜೆ ಸೌದೆ ತರಲು ಹೋದೆ. ಮಂಜು ಕವಿದು ದಾರಿ ತಪ್ಪಿತು. ಆಗ ಎಲ್ಲಿಂದಲೋ ಹೆಣ್ಣುದನಿಯಲ್ಲಿ ಜೋರಾಗಿ ಒಂದು "ಕೂ" ಕೇಳಿಸಿತು. ದೆವ್ವ ಒಂದೇ ಸಲ ಕೂಗುತ್ತದೆ, ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ, ಮೂರಾಗುವ ತನಕ ಓಗೊಡಬಾರದು ಎಂಬುದು ನಮ್ಮ ಕಡೆಯ ನಂಬಿಕೆ. ಎರಡನೆಯದು ಕೇಳಿಸಲಿಲ್ಲ. ನಾನು ಮರಕ್ಕೆ ಆತು ಕೂತೆ. ಹೆಂಡತಿ ಹೆದರಿಯಾಳು ಎನ್ನಿಸಿ ಕೊನೆಗೆ ನಾನೇ ಒಂದು "ಕೂ" ಹಾಕಿದೆ. ಭಯಕ್ಕೆ ಮುಂದಿನದು ಹೊರಡಲೇ ಇಲ್ಲ.

ಬಹಳ ಹೊತ್ತಿನ ಮೇಲೆ ನಾನು ಆತು ಕೂತಿದ್ದ ಮರದ ಹಿಂದಿನಿಂದಲೇ ದನಿ ಬಂತು.

"ಕೂ! ಕೂ! ಕೂ! ಮೂರಾಯ್ತು. ಈಗಾದ್ರೂ ಓ ಅನ್ನಿ ಮಾರಾಯ್ರೆ, ಗಂಜಿ ಆರಿ ಹೋಯ್ತು."

ನನ್ನನ್ನು ಹುಡುಕಿಕೊಂಡು ಬಂದವಳು ಒಂದು ಸಲ ಕೂಗಿ ತನ್ನ ದನಿಗೆ ತಾನೇ ಬೆದರಿ, ಆಮೇಲೆ ನನ್ನ ಒಂಟಿ ಕೂಗು ಕೇಳಿ ನನ್ನನ್ನೂ ದೆವ್ವವೆಂದೇ ತಿಳಿದು ಮರದ ಆಚೆ ಬದಿಗೆ ಆತು ಕೂತಿದ್ದಳಂತೆ. ಹೆಂಡತಿಯ ದನಿಯೂ ಗೊತ್ತಾಗಲಿಲ್ಲವಾ ಎಂದು ಕೇಳಿದಳು.

"ಕೇಳಿದ್ದರೆ ತಾನೇ ಗೊತ್ತಾಗೋದು?" ಎಂದೆ.

ಅವಳು ನೆಲಕ್ಕೆ ಕೂತು ನಕ್ಕಳು. ಆಮೇಲೆ ಕ್ಯಾಂಪು ಮುಗಿಯುವ ತನಕ ಮಾತೇ ಮಾತು. ನನಗೆ ಎಷ್ಟು ಸುಖವಾಯಿತೆಂದರೆ, ಕಲ್ಲನ್ನು ವಾಪಸು ಹೊತ್ತದ್ದೂ ಭಾರವೆನಿಸಲಿಲ್ಲ.

ಈಗ ಮನೆಯಲ್ಲೂ ಅವಳು ಊಟಕ್ಕೆ ಗಟ್ಟಿಯಾಗಿಯೇ ಕೂಗುತ್ತಾಳೆ. ಮೂರನೆಯ ಸಲದ ತನಕ ನಾನು ಓಗೊಡುವುದಿಲ್ಲ. ಕಾಡಿನ ಥಂಡಿಗೆ ಮಗನ ಕಿವಿ ಮಂದವಾಯಿತೆಂದು, ಮೇಗುಂದದಿಂದ ಮರಳಿದ ಅಮ್ಮ ದಿನಾ ಸಂಜೆ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಬಿಡುತ್ತಿದ್ದಾಳೆ. ಕಿವಿ ಚುರ್ರೆನ್ನುತ್ತದೆ. ಆದರೂ ಮೊದಲ ಕೂಗಿಗೇ ಓ ಎನ್ನಲು ಮನಸ್ಸು ಬರುವುದಿಲ್ಲ.