ಎಲ್ ಅಂದ್ರೆ ಲೂಸು

ರಾತ್ರಿ ಚೆನ್ನಾಗಿಯೇ ನಿಂತಿದ್ದ ಕಾರಿನ ಎಡಗಡೆ ಮುಂದಿನ ಟೈರು ಬೆಳಗಾಗುವಷ್ಟರಲ್ಲಿ ಗಾಳಿ ಬಿಟ್ಟು ನೆಲಕ್ಕೆ ಅಂಟಿಕೊಂಡಿತ್ತು. ಬೇರೆ ದಿನವಾಗಿದ್ದರೆ ಲೈಬ್ರರಿಯಪ್ಪ ನಕ್ಕು ಸುಮ್ಮನಾಗುತ್ತಿದ್ದ. ಆದರೆ ಇವತ್ತು ಸಂಜೆ ಐದಕ್ಕೆ ಗುಜರಿ ಲಾರಿ ಬರುವುದಿತ್ತು.

ಕಾರು ಅವನ ದೊಡ್ಡಪ್ಪ ಬಿಟ್ಟುಹೋದದ್ದು. ಅರವತ್ತು ವರ್ಷದ ಹಿಂದೆ ಅಮೆರಿಕದಿಂದ ಹಡಗು ಹತ್ತಿ ಬಂದ ಗಾಡಿ. ಉದ್ದ ಎಷ್ಟೆಂದರೆ, ಮೂತಿ ಗೇಟು ದಾಟಿದ ಸುದ್ದಿ ಬಾಲಕ್ಕೆ ಮುಟ್ಟಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಚಿಕ್ಕವನಿದ್ದಾಗ ಅದರ ಹಿಂದಿನ ಸೀಟಿನಲ್ಲಿ ಮಲಗಿ ಊರೆಲ್ಲ ಸುತ್ತಿದ್ದವನು, ಈಗ ಮೂರು ವರ್ಷದಿಂದ ತಾನು ಕೆಲಸ ಮಾಡುವ ಲೈಬ್ರರಿಯ ಪುಸ್ತಕ ಓದಿಕೊಂಡು ಅದರ ಎಂಜಿನ್ನು, ಗೇರು ಎಲ್ಲ ತಾನೇ ಬಿಚ್ಚಿ ಜೋಡಿಸಿದ್ದ. ಹೆಂಡತಿ ಅದಕ್ಕೆ ಇಟ್ಟ ಹೆಸರು ‘ಸವತಿ’.

ಹಿಂದಿನ ದಿನವೇ ಅವಳು ಕರಾರು ಹಾಕಿದ್ದಳು: “ನೋಡಿ, ನಾಳೆ ಸಂಜೆ ಐದರೊಳಗೆ ನನ್ನ ಸವತಿ ತನ್ನ ಕಾಲ ಮೇಲೆ ತಾನು ಹೊರಗೆ ಹೋಗಿ, ಒಂದು ಸುತ್ತು ಹಾಕಿ, ಬಂದು ಇದೇ ಜಾಗದಲ್ಲಿ ನಿಲ್ಲಬೇಕು. ಇಲ್ಲ ಅಂದ್ರೆ ಲಾರಿ ಹತ್ತಬೇಕು.”

“ಆಯ್ತು ಕಣೆ,” ಎಂದಿದ್ದ ಅವನು, ಬಾನೆಟ್ಟಿನ ಮೇಲೆ ಕೈಯಿಟ್ಟು.

ಇದುವರೆಗೆ ಚಕ್ರಕ್ಕೆ ಮಾತ್ರ ಕೈ ಹಾಕಿರದಿದ್ದರೂ, ಬದಲಿಸುವುದೇನು ಮಹಾ ಎಂದು ಪಾನಾ ಹಿಡಿದು ಕೂತ. ನಟ್ಟು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸದ್ದು ಕೇಳಿ ಎದುರುಮನೆಯ ಲೆಕ್ಕದ ಮೇಷ್ಟ್ರು ಬಂದರು, ಪಕ್ಕದ ಟೈಲರು ಕೊರಳಲ್ಲಿ ಟೇಪು ಜೋತುಬಿಟ್ಟುಕೊಂಡೇ ಬಂದ.

ಟೈಲರು ಬೋಲ್ಟಿನ ಮೂತಿಯ ಕೊಳೆ ಒರೆಸಿ, “ಸಾರ್, ಇಲ್ಲಿ ‘ಎಲ್’ ಅಂತ ಕೆತ್ತಿದೆ! ಲಾರ್ಜು ಸಾರ್. ದಿನಾ ಈ ಚೀಟಿ ಹೊಲಿಯೋನು ನಾನು. ದೊಡ್ಡ ಪಾನಾ ತನ್ನಿ,” ಎಂದ.

“ನಟ್ಟೇನು ಅಂಗೀನಾ?” ಮೇಷ್ಟ್ರು ನಕ್ಕರು. “ಎಲ್ ಅಂದ್ರೆ ಲೂಸು. ತಿರುಗಿಸಿದ್ರೆ ಲೂಸಾಗುತ್ತೆ ಅಂತ ಕಂಪನಿಯವನೇ ಬರೆದಿದಾನೆ. ಎಡಕ್ಕೆ ಹಾಕ್ರೀ! ಎಲ್ಲ ನಟ್ಟೂ ಎಡಕ್ಕೇ ಬಿಚ್ಚೋದು.”

ವರಾಂಡದ ಕುರ್ಚಿಯಿಂದ ಲೈಬ್ರರಿಯಪ್ಪನ ಅತ್ತೆ ಕೂಗಿದರು. “ಅಳಿಯಂದ್ರೇ, ನಾನೊಂದು ಮಾತು...”

“ಹತ್ರ ಬರಬೇಡಿ ಅತ್ತೆ, ಬಟ್ಟೆಗೆ ಗ್ರೀಸ್ ಆಗುತ್ತೆ.”

ಸೀಮೆಎಣ್ಣೆ ಹುಯ್ದರು. ಸುತ್ತಿಗೆಯಲ್ಲಿ ಬಡಿದರು. ಮಧ್ಯಾಹ್ನ ಮೇಷ್ಟ್ರು ಸೀಮೆಸುಣ್ಣದಲ್ಲಿ ನೆಲದ ಮೇಲೆ ಲೆಕ್ಕ ಮಾಡಿ, ನಾಲ್ಕಡಿ ಪೈಪನ್ನು ಪಾನಾಕ್ಕೆ ಸಿಕ್ಕಿಸಿದರೆ ಬಲ ನಾಲ್ಕು ಪಟ್ಟಾಗುತ್ತದೆಂದು ಸಾಧಿಸಿದರು. ಮೂವರೂ ಪೈಪಿಗೆ ಬಟ್ಟೆ ಒಣಹಾಕಿದಂತೆ ಜೋತುಬಿದ್ದರು. ನಟ್ಟು ಅಲ್ಲಾಡಲಿಲ್ಲ, ಪೈಪು ಬಗ್ಗಿತು, ಮೇಷ್ಟ್ರ ಪ್ಯಾಂಟು ಹಿಂದಿನಿಂದ ಪರ್ರನೆ ಹರಿಯಿತು. ಅಷ್ಟು ಹೊತ್ತಿನ ಗದ್ದಲದಲ್ಲಿ ಕೆಲಸ ಅಂತ ಸಿಕ್ಕಿದ್ದು ಟೈಲರಿಗೆ ಮಾತ್ರ.

“ಅಳಿಯಂದ್ರೇ...”

“ಅತ್ತೆ, ಆಮೇಲೆ!”

ನಾಲ್ಕು ಗಂಟೆಗೆ ಅತ್ತೆ ಊರುಗೋಲು ಕುಟ್ಟುತ್ತಾ ಬಂದು ಚಕ್ರದ ಮುಂದೆ ನಿಂತೇಬಿಟ್ಟರು. “ಮೂವತ್ತು ವರ್ಷ ಸೈಕಲ್ ತುಳ್ಕೊಂಡು ಆಸ್ಪತ್ರೆಗೆ ಡ್ಯೂಟಿಗೆ ಹೋದೋಳು ನಾನು. ಸೈಕಲ್ಲಿನ ಎಡಗಡೆ ಪೆಡಲ್ಲು ಉಲ್ಟಾ ಬಿಚ್ಚಬೇಕು. ಇದೂ ಎಡಗಡೆ ತಾನೆ? ಎಲ್ ಅಂದ್ರೆ ಲೆಫ್ಟು! ಬಿಚ್ತೀವಿ ಬಿಚ್ತೀವಿ ಅಂತ ಬೆಳಿಗ್ಗೆಯಿಂದ ಬಿಗಿ ಮಾಡ್ತಿದೀರಲ್ಲ, ಮೂರು ಜನ ಗಂಡಸರು!”

“ಮೊದಲೇ ಹೇಳಬಾರದಿತ್ತಾ ಅತ್ತೆ?”

“ಬಾಯಿ ತೆಗೆಯೋಕೆ ಬಿಟ್ಟಿದ್ರಾ?”

ಬಲಕ್ಕೆ ಒತ್ತಿದರು. ಕಿರ್ರ್ ಎಂದು ಕಿರುಚಿ ಮೊದಲ ನಟ್ಟು ಸಡಿಲವಾಯಿತು. ಮೇಷ್ಟ್ರು ಸದ್ದಿಲ್ಲದೆ ಚಪ್ಪಲಿಯಿಂದ ನೆಲದ ಲೆಕ್ಕ ಅಳಿಸಿದರು.

ಐದಕ್ಕೆ ಕಾಲು ಗಂಟೆಯಿರುವಾಗ ಸ್ಟೆಪ್ನಿ ಕೂತಿತು, ಎಂಜಿನ್ನು ಗುಡುಗಿತು. ಟೈಲರು ಟೇಪನ್ನೇ ಬಾವುಟದಂತೆ ಬೀಸಿದ. ಓಣಿ ದಾಟಿ, ದೊಡ್ಡ ರಸ್ತೆಯಲ್ಲಿ ಒಂದು ಸುತ್ತು ಹೊಡೆದ ಲೈಬ್ರರಿಯಪ್ಪನ ಕಣ್ಣು ಒದ್ದೆಯಾಗಿತ್ತು. ಹಿಂದಿನ ಸೀಟಿನಲ್ಲಿ ತಾನೇ ಚಿಕ್ಕವನಾಗಿ ಮಲಗಿದ್ದೇನೋ ಎಂಬಂತೆ ಎರಡು ಸಲ ತಿರುಗಿ ನೋಡಿದ. ಗೆದ್ದೆ ಅಂದುಕೊಂಡು ಓಣಿಯ ಕಡೆ ತಿರುಗಿಸಿ, ಗಕ್ಕನೆ ಬ್ರೇಕು ಒತ್ತಿದ.

ಓಣಿಯ ಬಾಯಿಗೆ ಸರಿಯಾಗಿ ಗುಜರಿ ಲಾರಿ ಕೆಟ್ಟು ನಿಂತಿತ್ತು. ಒಳಗೆ ಹೋಗಲು ಇದ್ದದ್ದು ಅದೊಂದೇ ದಾರಿ.

ಡ್ರೈವರು ಓಡಿ ಬಂದ. “ಸಾರ್, ಇಲ್ಲಿ ಯಾರನ್ನ ಕೇಳಿದ್ರೂ ನೀವೇ ಮೆಕ್ಯಾನಿಕ್ ಅಂತಿದಾರೆ. ಸ್ವಲ್ಪ ನೋಡ್ತೀರಾ? ಐದಕ್ಕೆ ಒಳಗೆ ಯಾವುದೋ ಹಳೇ ಕಾರು ಎತ್ಕೊಂಡು ಹೋಗ್ಬೇಕಿತ್ತು.”

ದೂರದ ಗೇಟಿನಿಂದ ಹೆಂಡತಿಯ ದನಿ ಕೇಳಿತು. “ರೀ, ಇನ್ನು ನಾಲ್ಕೇ ನಿಮಿಷ!”

ಲಾರಿ ಕದಲದಿದ್ದರೆ ಕಾರು ಮನೆ ಸೇರುವಂತಿಲ್ಲ. ನಾಲ್ಕು ನಿಮಿಷ ದಾಟಿ ಕದಲಿತೋ, ಕಾರನ್ನು ಹೊರುವುದೇ ಅದರ ಮೊದಲ ಕೆಲಸ. ಲೈಬ್ರರಿಯಪ್ಪ ನಿಟ್ಟುಸಿರು ಬಿಟ್ಟು ಲಾರಿಯ ಬಾನೆಟ್ಟೆತ್ತಿ, ತಲೆ ಒಳಗಿಟ್ಟ.

“ಬೇಗ ಆಗುತ್ತಾ ಸಾರ್?”

“ಬೇಗ ಮಾಡ್ಲೋ, ನಿಧಾನ ಮಾಡ್ಲೋ,” ಒಳಗಿನಿಂದ ದನಿ ಬಂತು, “ಅದೇ ತಿಳೀತಿಲ್ಲ ಕಣಯ್ಯಾ.”